ಪರದೆಯ ಕೆಳಗಿನ ಪಟ್ಟಿ

ಪಟ್ಟಿ ಮತ್ತೆ ಬಂತು. ಟಿವಿ ಪರದೆಯ ಬುಡದಲ್ಲಿ, ನೀಲಿ ಬಣ್ಣದ್ದು, ಅಂಗೈ ಅಗಲದ್ದು. ಅದರ ಮೇಲೆ ಬಿಳಿ ಅಕ್ಷರ: ‘ಮಹತ್ವದ ಸೂಚನೆ. ಹೊಸ ಅಪ್‌ಡೇಟ್ ಬಂದಿದೆ. ಈಗಲೇ? ಆಮೇಲೆ?’ ಕ್ಲೀಟಸ್ ಆಗಷ್ಟೇ ಬಾಣಲೆಗೆ ಉಪ್ಪು ಹಾಕಿಟ್ಟ ಹಂದಿಯ ಕೊಬ್ಬು ಹಾಕಿದ್ದ. ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದ. ರಿಮೋಟು ಸೋಫಾದ ಸಂದಿಯಲ್ಲಿ ಹೂತುಕೊಂಡಿತ್ತು. ಅದನ್ನು ತಡಕಿ ತೆಗೆದು ‘ಆಮೇಲೆ’ ಒತ್ತುವ ಹೊತ್ತಿಗೆ ಹೆಂಡತಿ ಲೊರೆಟಾ ಮಡಿಲಿನ ಹೆಣಿಗೆಯನ್ನು ಕೆಳಗಿಟ್ಟು ಎದ್ದು ನಿಂತಾಗಿತ್ತು.

“ಏನಂತೆ?”

“ಏನೂ ಇಲ್ಲ ಕಣೇ. ಟಿವಿದು ಏನೋ ಗೋಳು.”

“ಸೂಚನೆ ಅಂತ ಬಂತಲ್ಲ, ಓದಿದೆ ನಾನು. ನನಗೇನು ಓದೋಕೆ ಬರಲ್ವಾ? ಆಲ್ಬನ್ ಸಿಕ್ಕಿದನಾ?”

ಕ್ಲೀಟಸ್ ಸೌಟಿನಿಂದ ಚಾಪೆಯ ಮೇಲೆ ತೊಟ್ಟಿಕ್ಕುತ್ತಿದ್ದ ಕೊಬ್ಬನ್ನು ನೋಡಿದ. “ಇನ್ನೂ ಇಲ್ಲ,” ಎಂದ.

ಆಲ್ಬನ್ ಲೊರೆಟಾಳ ತಮ್ಮ. ‘ಆಗ್ನೆಸ್ ಮೇ’ ಎಂಬ ದೋಣಿಯ ಜೊತೆಗೆ ಸಮುದ್ರದ ಪಾಲಾಗಿ ಅರ್ಧ ಶತಮಾನವೇ ಆಗಿತ್ತು. ಆಗ ಈ ಗಂಡಹೆಂಡಿರಿಗೆ ಮದುವೆಯಾದ ಹೊಸತು. ನ್ಯೂಫೌಂಡ್‌ಲ್ಯಾಂಡಿನ ದಕ್ಷಿಣ ತೀರದ ಈ ಬೂಟ್ ಕೋವ್ ಎಂಬ ಮೀನುಗಾರರ ಹಳ್ಳಿಯಲ್ಲಿ ಚಿತ್ರ ನೆಟ್ಟಗೆ ಮೂಡುತ್ತಿದ್ದ ಟಿವಿ ಇದ್ದದ್ದೊಂದೇ, ಅದೂ ಲೊರೆಟಾಳ ತವರಿನ ಅಡುಗೆಮನೆಯಲ್ಲಿ. ಫೆಬ್ರವರಿಯ ಬಿರುಗಾಳಿಯಲ್ಲಿ ದೋಣಿ ಕಾಣೆಯಾದಾಗ ಊರಿಗೆ ಊರೇ ಬಂದು ಅದರ ಮುಂದೆ ಕುಳಿತಿತ್ತು. ಯಾವುದೋ ಹಾಡು, ಯಾವುದೋ ಆಟ ನಡೆಯುತ್ತಿರುವಾಗ ಕೆಳಗೆ ಹುಡುಕಾಟದ ಸುದ್ದಿಯ ಪಟ್ಟಿ ಹರಿದು ಬರುತ್ತಿತ್ತು. ಮಹತ್ವದ ಸೂಚನೆ. ಹೆಂಗಸರು ಜಪಮಾಲೆಯನ್ನು ಹಾಗೇ ಹಿಡಿದುಕೊಂಡು ಓದುತ್ತಿದ್ದರು.

ಈಗ ಲೊರೆಟಾಳ ನೆನಪು ತಿರುಗುಮುರುಗಾಗಿತ್ತು. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ಆ ಫೆಬ್ರವರಿ ಮಾತ್ರ ಹಸಿಯಾಗಿತ್ತು. ಮೊದಮೊದಲು ಕ್ಲೀಟಸ್ ನಿಜ ಹೇಳಿದ್ದ: ಆಲ್ಬನ್ ಹೋಗಿ ಎಷ್ಟೋ ಕಾಲವಾಯಿತು, ನಿನಗೇ ಗೊತ್ತಲ್ಲ. ಅವಳಿಗೆ ಗೊತ್ತಿರಲಿಲ್ಲ. ಆಗ ತಾನೇ ಕೇಳಿದವಳಂತೆ ನೆಲಕ್ಕೆ ಕುಸಿದು ಅತ್ತಿದ್ದಳು. ಮರುದಿನ ಮತ್ತೆ ಪಟ್ಟಿ, ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಅಳು. ಒಬ್ಬನೇ ತಮ್ಮ ದಿನಕ್ಕೊಂದು ಸಾವು ಸಾಯುತ್ತಿದ್ದ. ಆಮೇಲೆ ಕ್ಲೀಟಸ್ ‘ಇನ್ನೂ ಇಲ್ಲ’ ಎನ್ನಲು ಕಲಿತ. ಆದರೆ ಕಾಯುವವರು ಸುಮ್ಮನೆ ಕೂರುತ್ತಾರೆಯೇ? ಅವನು ಬಚ್ಚಲಲ್ಲಿದ್ದಾಗ ಪಟ್ಟಿ ಬಂದ ಒಂದು ದಿನ ಅವಳು ಮನೆಯ ಚಪ್ಪಲಿಯಲ್ಲೇ, ಮೇಲಂಗಿಯೂ ಇಲ್ಲದೆ, ದೋಣಿ ಕಟ್ಟುವ ಧಕ್ಕೆಯ ತುದಿಗೆ ಹೋಗಿ ನಿಂತಿದ್ದಳು. ಹೋಗಲಿ, ಟಿವಿಯನ್ನೇ ಆರಿಸಿಡೋಣವೆಂದರೆ ಮನೆಯ ಮೌನ ಅವಳಿಗೆ ಆಗದು. ಬಾಗಿಲ ಚಿಲಕ ಹುಡುಕುತ್ತ ಮನೆಯೆಲ್ಲ ಸುತ್ತುತ್ತಿದ್ದಳು.

ಎದುರು ಮನೆಯ ಗಸ್‌ನನ್ನು ಕರೆದದ್ದು ಅದಕ್ಕೇ.

ಕೊಲ್ಲಿಯಲ್ಲಿ ಮೀನು ಬರಿದಾಗಿ ಮೀನಿನ ಕಾರ್ಖಾನೆ ಮುಚ್ಚುವವರೆಗೂ ಇಬ್ಬರೂ ಒಂದೇ ಮೇಜಿನಲ್ಲಿ ಕಾಡ್ ಮೀನು ಸೀಳಿದವರು. ಗಸ್‌ನ ಗಂಟಲಲ್ಲಿ ಊರೇ ಬಾಡಿಗೆಗಿತ್ತು: ಪಾದ್ರಿಯ ಕೆಮ್ಮು, ಮೇಸ್ತ್ರಿಯ ಬೈಗುಳ, ಕಡಲ ನಡುವೆ ಇಂಜಿನ್ನು ಕೈಕೊಡುವ ಸದ್ದು. ಅವನು ಬೂಟು ಬಿಚ್ಚಿ ಒಳಗೆ ಬಂದವನೇ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಸ್ಮಾರ್ಟ್ ಟಿವಿ ಬೇಡ ಕಣೋ ಅಂತ ಬಡ್ಕೊಂಡೆ. ಮನೇಲಿ ಒಬ್ಬರಾದ್ರೂ ಸ್ಮಾರ್ಟಾಗಿರ್ಲಿ ಅಂತ ತಂದ್ಯಾ?”

“ಒತ್ತು ಮಾರಾಯ. ಮಾತು ಆಮೇಲೆ.”

“ಒತ್ತಿದೆ. ಮೆನು ಬಂತು. ಉದ್ದಕ್ಕೂ ಮೆನು. ಒಂದಾದ್ರೂ ಮೀನಿದ್ಯೇನೋ ಇದ್ರಲ್ಲಿ? ನಮ್ಮ ಕೊಲ್ಲಿ ಥರಾನೇ ಆಯ್ತಲ್ಲ.”

ಲೊರೆಟಾ ನಕ್ಕಳು. ಗಸ್ ಇದ್ದಾಗ ಅವಳು ಹೀಗೆ ಸಣ್ಣಗೆ ನಗುವುದುಂಟು. ಆಗ ಅವಳು ಎಲ್ಲಿಗೂ ಹೋಗಿಲ್ಲವೇನೋ ಅನ್ನಿಸಿಬಿಡುತ್ತಿತ್ತು.

“ನೋಡಿಲ್ಲಿ, ಸೆಟ್ಟಿಂಗ್ಸು. ಅದರೊಳಗೆ ಇನ್ನೊಂದು ಸೆಟ್ಟಿಂಗ್ಸು. ಅದರ ಹೊಟ್ಟೇಲಿ ಮರಿ ಸೆಟ್ಟಿಂಗ್ಸು. ಸೆಟ್ಟಾಗೋದು ಮಾತ್ರ ಒಂದೂ ಇಲ್ಲ.” ಗಸ್ ಎಲ್ಲಿ ಏನು ಒತ್ತಿದನೋ, ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಬುಡದಲ್ಲಿ ನೀಲಿ ಪಟ್ಟಿ ಹರಿದು ಬಂತು.

ಲೊರೆಟಾಳ ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಅವಳು ಗಸ್‌ನ ಭುಜದ ಮೇಲೆ ಕೈಯಿಟ್ಟಳು. “ಗಸ್, ನೀನು ಧಕ್ಕೆಯಿಂದ ಬಂದ್ಯಲ್ಲ. ಏನಂತೆ ಅಲ್ಲಿ? ಅಮ್ಮ ಕೇಳ್ತಿದಾಳೆ.”

ಆಲ್ಬನ್ ಮತ್ತು ಗಸ್ ಶಾಲೆಯಲ್ಲಿ ಒಂದೇ ಬೆಂಚಿನವರು. ಗಸ್ ರಿಮೋಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. “ಗಾಳಿ ಇಳೀತಿದೆಯಂತೆ,” ಎಂದ. “ಹುಡುಕೋಕೆ ವಿಮಾನ ಹಾರಿಸ್ತಾರಂತೆ.”

ಅವಳು ತಲೆಯಾಡಿಸಿ ಕಿಟಕಿಯತ್ತ ಹೋದಳು. ಗಸ್ ತಗ್ಗಿದ ದನಿಯಲ್ಲಿ, “ದಿನಾ ಹೀಗೇನಾ?” ಎಂದ.

“ದಿನಾ.”

“ಕಂಪನಿಗೆ ಫೋನ್ ಹಾಕು.”

ಫೋನಿನಲ್ಲಿ ಬಹಳ ಹೊತ್ತು ಪಿಟೀಲು ಬಾರಿಸಿದರು. ನಡುನಡುವೆ ಒಂದು ಹೆಣ್ಣುದನಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ, ದಯವಿಟ್ಟು ಕಾಯಿರಿ ಎನ್ನುತ್ತಿತ್ತು. ಗಸ್ ಅದೇ ದನಿಯನ್ನು ಮೂಗಿನಿಂದ ತೆಗೆದ: “ನಿಮ್ಮ ಕರೆ ನಮಗೆ ಬಹಳ ಮುಖ್ಯ. ನಿಮ್ಮ ಕರುವೂ ನಮಗೆ ಬಹಳ ಮುಖ್ಯ. ಹಸು ಹೇಗಿದೆ?” ಕ್ಲೀಟಸ್‌ಗೆ ನಗು ಬರಲಿಲ್ಲ. ಕೊನೆಗೆ ನಿಜವಾದ ಹುಡುಗಿಯೊಬ್ಬಳು ಸಿಕ್ಕಳು.

“ಅಪ್‌ಡೇಟ್ ಹಾಕಿಕೊಂಡುಬಿಡಿ ಸಾರ್, ಸೂಚನೆ ತಾನಾಗೇ ಹೋಗುತ್ತೆ.”

“ಹಾಕ್ಕೊಂಡೆ ತಾಯಿ. ಗುಂಡಿಗಳೆಲ್ಲ ಜಾಗ ಬದಲಾಯಿಸಿದ್ವು, ವಾರದೊಳಗೆ ಇನ್ನೊಂದು ಬಂತು.”

“ಹೊಸದು ಬಂದಷ್ಟೂ ಒಳ್ಳೇದು ಸಾರ್. ಹಳೇದರಲ್ಲೇ ಉಳೀರಿ ಅಂತ ನಾವು ಹೇಳೋದಿಲ್ಲ.”

“ನಮ್ಮನೇಲಿ ಹಳೇದೇ ದಿನಾ ಹೊಸದಾಗ್ತಿದೆಯಮ್ಮ. ಅದೇ ತೊಂದರೆ.” ಕ್ಲೀಟಸ್ ಉಸಿರೆಳೆದುಕೊಂಡ. “ನನ್ನ ಹೆಂಡತಿಗೆ ಆರೋಗ್ಯ ಸರಿಯಿಲ್ಲ. ಆ ಪಟ್ಟಿ ಬಂದ್ರೆ ಹೆದರ್ತಾಳೆ. ನಿಲ್ಸೋಕೆ ಆಗುತ್ತೋ ಇಲ್ವೋ, ಅದೊಂದು ಹೇಳು.”

ಅತ್ತಕಡೆ ಕೀಲಿಗಳ ಟಕಟಕ ನಿಂತಿತು. “ಆಗುತ್ತೆ ಸಾರ್,” ಎಂದಳು ಹುಡುಗಿ, ಬೇರೆಯೇ ದನಿಯಲ್ಲಿ. “ರಿಮೋಟ್ ಕೈಲಿದ್ಯಾ? ನಿಧಾನಕ್ಕೆ ಹೇಳ್ತೀನಿ.” ಅವಳು ಹೇಳಿದಳು, ಕ್ಲೀಟಸ್ ಅದನ್ನೇ ಗಟ್ಟಿಯಾಗಿ ಹೇಳಿದ, ಗಸ್ ಒತ್ತಿದ. ತಾನಾಗೇ ಅಪ್‌ಡೇಟ್ ಆಗುವುದು ಬೇಡ. ನೆನಪಿಸುವುದು ಬೇಡ. ಖಚಿತವೇ ಎಂದು ಟಿವಿ ಕೇಳಿತು. ಖಚಿತ. “ಇನ್ನು ಬರೋದಿಲ್ಲ ಸಾರ್,” ಎಂದಳು ಹುಡುಗಿ.

ಬರಲಿಲ್ಲ. ಆ ಸಂಜೆ ಲೊರೆಟಾ ಪ್ರಶ್ನೋತ್ತರದ ಆಟವನ್ನು ಕೊನೆಯವರೆಗೂ ನೋಡಿದಳು. ಕ್ಲೀಟಸ್ ಹುರಿದ ಮೀನನ್ನು ಬಿಸಿಯಾಗಿಯೇ ತಿಂದ. ಮೈಯ ಗಂಟುಗಳೆಲ್ಲ ಒಂದೊಂದಾಗಿ ಸಡಿಲಾದಂತಾಗಿ, ಕುರ್ಚಿಯಲ್ಲೇ ತೂಕಡಿಸಿದ. ಹೀಗೆ ಕೆಲವು ದಿನ ಸುಖವಾಗಿಯೇ ಕಳೆದವು. ಗಸ್ ದಿನಕ್ಕೊಮ್ಮೆ ಇಣುಕಿ, “ಬಂತಾ ಮಹಾರಾಯ್ತಿ ಪಟ್ಟಿ?” ಎಂದು ಕೇಳಿ ಹೋಗುತ್ತಿದ್ದ.

ಲೊರೆಟಾ ಆಟವನ್ನು ನೋಡುತ್ತಿಲ್ಲ ಎಂಬುದು ಕ್ಲೀಟಸ್‌ಗೆ ತಡವಾಗಿ ಹೊಳೆಯಿತು. ಪ್ರಶ್ನೆ ಕೇಳುವವನು ಕೇಳುತ್ತಿದ್ದ, ಗೆದ್ದವರು ಕುಣಿಯುತ್ತಿದ್ದರು. ಅವಳ ಕಣ್ಣು ಮಾತ್ರ ಪರದೆಯ ಬುಡದಲ್ಲೇ ನೆಟ್ಟಿರುತ್ತಿತ್ತು. ಹೆಣಿಗೆ ಒಂದು ಸಾಲೂ ಮುಂದೆ ಹೋಗಿರಲಿಲ್ಲ.

“ಬರ್ತಾ ಇಲ್ವಲ್ಲ,” ಎಂದಳು ಒಂದು ಮಧ್ಯಾಹ್ನ.

“ಏನು?”

“ಸೂಚನೆ.”

“ನಿಲ್ಲಿಸಿದ್ವಿ ಕಣೇ. ಗಸ್ ಬಂದು ನಿಲ್ಲಿಸಿದ.”

ಅವಳು ಅವನ ಮುಖವನ್ನೇ ನೋಡಿದಳು. ಎಷ್ಟೋ ತಿಂಗಳಿಂದ ಆ ಕಣ್ಣಲ್ಲಿ ಅಷ್ಟು ತಿಳಿ ಕಂಡಿರಲಿಲ್ಲ. “ನಿಲ್ಲಿಸಿದ್ರಾ,” ಎಂದಳು. “ಹಂಗಾದ್ರೆ ಹುಡುಕೋದು ಬಿಟ್ರು.”

ಕ್ಲೀಟಸ್ ಅದನ್ನು ಮರೆತೇಬಿಟ್ಟಿದ್ದ. ಆಗಲೂ ಹೀಗೇ ಆಗಿತ್ತು. ಹುಡುಕಾಟ ಮುಗಿಯಿತೆಂದು ಯಾರೂ ಮನೆಗೆ ಬಂದು ಹೇಳಿರಲಿಲ್ಲ. ಒಂದು ದಿನ ಪಟ್ಟಿ ಬರಲಿಲ್ಲ, ಅಷ್ಟೇ. ಹಾಡು, ಆಟ, ಸೋಪಿನ ಜಾಹೀರಾತು ಎಲ್ಲ ಒಂದರ ಹಿಂದೊಂದು ನಡೆದವು. ಅಡುಗೆಮನೆಯ ತುಂಬ ಕುಳಿತಿದ್ದ ಜನ ಸಂಜೆಯವರೆಗೂ ಕಾದು, ಒಬ್ಬರ ಮುಖ ಒಬ್ಬರು ನೋಡದೆ ಎದ್ದುಹೋಗಿದ್ದರು. ನಿಲ್ಲಿಸಿದರು ಎಂಬ ಮಾತಿಗೆ ಈ ಊರಿನಲ್ಲಿ ಆ ಒಂದೇ ಅರ್ಥ ಇದ್ದ ಕಾಲ ಅದು.

“ಇಲ್ಲ ಇಲ್ಲ, ತಡಿ.” ಅವನು ರಿಮೋಟು ಹುಡುಕಿದ. ಮೆನು ತೆರೆದ. ಸೆಟ್ಟಿಂಗ್ಸು, ಅದರೊಳಗಿನ ಸೆಟ್ಟಿಂಗ್ಸು. ಹುಡುಗಿ ಹೇಳಿದ್ದನ್ನೆಲ್ಲ ತಿರುಗಿಸಿ ಮಾಡಿದರೆ ಪಟ್ಟಿ ವಾಪಸು ಬಂದೀತು. ವಿಮಾನಗಳು ಮತ್ತೆ ಹಾರಿಯಾವು. ಅವನ ಹೆಬ್ಬೆರಳು ಗುಂಡಿಯಿಂದ ಗುಂಡಿಗೆ ತಡವರಿಸುತ್ತಿತ್ತು.

“ಬಿಡು,” ಎಂದಳು ಲೊರೆಟಾ. ಅಳುತ್ತಿರಲಿಲ್ಲ. “ಅವ್ರೂ ಎಷ್ಟೂಂತ ಹುಡುಕ್ತಾರೆ? ಅವ್ರಿಗೂ ಮನೆ ಮಕ್ಕಳಿಲ್ವಾ?”

ಅವಳು ಒಳಗೆ ಹೋಗಿ ಕಪ್ಪು ಉಡುಪು ತೊಟ್ಟು ಬಂದಳು. ಬೆನ್ನಿನ ಗುಂಡಿ ಹಾಕಲಾಗದೆ ಅವನಿಗೆ ಬೆನ್ನು ಕೊಟ್ಟು ನಿಂತಳು, ಅವನು ಹಾಕಿದ. ಆಮೇಲೆ ಅವಳು ಮುಂಗೋಣೆಯ ಕಿಟಕಿಗೆ ಹೋಗಿ ಸುರುಳಿ ಪರದೆಯ ದಾರ ಹಿಡಿದಳು. ಬೂಟ್ ಕೋವಿನಲ್ಲಿ ಹಾಡುಹಗಲೇ ಪರದೆ ಇಳಿಸಿದ ಮನೆ ಸಾವಿನ ಮನೆ. ಅವಳ ತಾಯಿ ಆ ಫೆಬ್ರವರಿಯಲ್ಲಿ ಇಳಿಸಿರಲಿಲ್ಲ. ಹೆಣ ಬರದೆ ಪರದೆ ಇಳಿಯುವುದಿಲ್ಲವೆಂದು ಹಟ ಹಿಡಿದು, ಸಾಯುವವರೆಗೂ ಹಗಲೆಲ್ಲ ತೆರೆದ ಕಿಟಕಿಯಲ್ಲೇ ಕೂತಿದ್ದಳು. ಆಲ್ಬನ್‌ಗೆ ಪ್ರಾರ್ಥನೆಯಾಗಲಿಲ್ಲ, ಸಾವಿನ ಜಾಗರಣೆಯಾಗಲಿಲ್ಲ. ಸಾಂತ್ವನದ ಮಾತು ಹೇಳಲು ಬಂದವರನ್ನು ಆಕೆ ಬಾಗಿಲಿಂದಲೇ ಕಳಿಸಿದ್ದಳು.

“ಅಮ್ಮನ ಕೈಲಿ ಆಗ್ಲಿಲ್ಲ,” ಎಂದಳು ಲೊರೆಟಾ. “ನನ್ನ ಕೈಗೆ ಇಳೀತಿಲ್ಲ. ಎಳಿ ಸ್ವಲ್ಪ.”

ಕ್ಲೀಟಸ್ ರಿಮೋಟನ್ನು ಮೇಜಿನ ಮೇಲಿಟ್ಟ. ಸ್ಪ್ರಿಂಗು ತುಕ್ಕು ಹಿಡಿದಿತ್ತು. ಎರಡು ಕೈ ಹಾಕಿ ಎಳೆದ ಮೇಲೆ ಬಿಳಿ ಪರದೆ ಕಿರ್‍ರೆನ್ನುತ್ತ ಇಳಿಯಿತು. ಅಡುಗೆಮನೆಯದನ್ನೂ ಇಳಿಸಿದ. ಟಿವಿಯನ್ನು ಆರಿಸಿದ. ಲೊರೆಟಾ ಬಾಗಿಲ ಚಿಲಕ ಹುಡುಕಲಿಲ್ಲ.

ಮೊದಲು ಓಡಿಬಂದವಳು ಗಸ್‌ನ ಹೆಂಡತಿ ಫಿಲೊಮಿನಾ, ಒಲೆಯ ಮೇಲಿದ್ದ ಬಟಾಣಿ ಸಾರಿನ ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು. ಬಾಗಿಲು ತೆರೆದವನು ಕ್ಲೀಟಸ್. “ಯಾವಾಗ ಹೋದ್ಲೋ? ಒಂದು ಮಾತು ಹೇಳ್ಬಾರ್ದಿತ್ತಾ?” ಎನ್ನುತ್ತ ಒಳಗೆ ಕಾಲಿಟ್ಟವಳು, ಕಪ್ಪು ಉಡುಪಿನಲ್ಲಿ ಗೋಡೆಗೊರಗಿ ಕುಳಿತ ಲೊರೆಟಾಳನ್ನು ಕಂಡು ಪಾತ್ರೆ ಸಮೇತ ನಿಂತುಬಿಟ್ಟಳು.

“ಬಾ ಫಿಲ್,” ಎಂದಳು ಲೊರೆಟಾ. “ಆಲ್ಬನ್. ಹುಡುಕೋದು ನಿಲ್ಲಿಸಿದ್ರಂತೆ.”

ಫಿಲೊಮಿನಾ ಕ್ಲೀಟಸ್‌ನತ್ತ ನೋಡಿದಳು. ಅವನು ಕಣ್ಣು ತಗ್ಗಿಸಿದ. ಸಾರಿನ ಹಬೆ ಅವಳ ಕನ್ನಡಕಕ್ಕೆ ಮುಸುಕಿತ್ತು. ಅವಳು ಪಾತ್ರೆಯನ್ನು ಒಲೆಯ ಮೇಲಿಟ್ಟು, ಏಪ್ರನ್ ಬಿಚ್ಚಿ, ಲೊರೆಟಾಳ ಎರಡೂ ಕೈ ಹಿಡಿದುಕೊಂಡಳು.

“ನಿನ್ನ ದುಃಖ ನಮ್ದೂ ಹೌದಮ್ಮ,” ಎಂದಳು, ಸಾವಿನ ಮನೆಯಲ್ಲಿ ಎಲ್ಲರೂ ಹೇಳುವಂತೆ.

“ಬಂದ್ರಲ್ಲ, ಒಳ್ಳೇದಾಯ್ತು,” ಎಂದಳು ಲೊರೆಟಾ, ಎಲ್ಲರೂ ಹೇಳುವಂತೆಯೇ.

ಗಸ್ ಬಂದ. ಬಾಗಿಲಲ್ಲೇ ಫಿಲೊಮಿನಾ ಅವನ ಕಿವಿಯಲ್ಲಿ ಏನೋ ಹೇಳಿ, ಊರವರಿಗೆ ಫೋನ್ ಮಾಡಲು ಮನೆಗೆ ಓಡಿದಳು. ಗಸ್ ಟೋಪಿ ತೆಗೆದು ಕುರ್ಚಿಯ ಅಂಚಿನಲ್ಲಿ ಕುಳಿತ. ಬಹಳ ಹೊತ್ತು ಟೋಪಿಯನ್ನೇ ತಿರುಗಿಸಿ, “ನನ್ನ ಕೈಗವಸು ಅವನ ಹತ್ರಾನೇ ಇದ್ವು,” ಎಂದ.

“ಕೊಟ್ಟಿರ್ಲಿಲ್ವಾ ವಾಪಸು?”

“ಎಲ್ಲಿ ಕೊಡ್ತಾನೆ. ಆವತ್ತು ಬೆಳಿಗ್ಗೆ ಬಂದು ಒಂದು ಜೊತೆ ಕೊಡೋ, ನನ್ನವು ಒದ್ದೆ ಅಂದ. ವಾಪಸು ತರ್ದಿದ್ರೆ ನಿನ್ನ ಕಿವಿ ಕೀಳ್ತೀನಿ ಅಂದೆ.”

“ಬೆಚ್ಚಗಿದ್ವಾ?” ಎಂದು ಕೇಳಿದಳು ಲೊರೆಟಾ.

“ಹ್ಞೂಂ. ನಮ್ಮಮ್ಮ ಹೆಣೆದಿದ್ದು. ಭಾಳ ಬೆಚ್ಚಗಿದ್ವು.”

ಲೊರೆಟಾ ತಲೆಯಾಡಿಸಿದಳು. ಈಗ ಅವಳು ಅಳತೊಡಗಿದಳು, ಸದ್ದಿಲ್ಲದೆ, ಕಣ್ಣೊರೆಸಿಕೊಳ್ಳುವ ಗೊಡವೆಗೂ ಹೋಗದೆ. ಗಸ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

ಕ್ಲೀಟಸ್ ಒಲೆಗೆ ಸೌದೆ ತರುವ ನೆಪದಲ್ಲಿ ಹೊರಗೆ ಬಂದ. ಗಾಳಿ ಇರಲಿಲ್ಲ. ಕೊಲ್ಲಿಯ ನೀರು ಬೆಳ್ಳಗೆ ಮಲಗಿತ್ತು. ಹಗಲು ಇನ್ನೂ ಬೇಕಾದಷ್ಟು ಉಳಿದಿತ್ತು. ಎದುರು ಮನೆಯ ಕಿಟಕಿಯಲ್ಲಿ ಫೋನು ಹಿಡಿದು ನಿಂತ ಫಿಲೊಮಿನಾ ಕಂಡಳು; ಮಾತಾಡುತ್ತಲೇ ಅವಳು ಕೈ ಎತ್ತಿದಳು, ಪರದೆ ಇಳಿಯಿತು. ಅವನು ಸೌದೆಯನ್ನು ತೋಳಿಗೇರಿಸಿಕೊಂಡು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಆಚೆ ಮನೆಯದು ಇಳಿಯಿತು. ಆಮೇಲೆ ಚರ್ಚಿನ ತಿರುವಿನ ಹಳದಿ ಮನೆಯದು, ಅದರ ಪಕ್ಕದ್ದು. ಹೀಗೆ ರಸ್ತೆಯುದ್ದಕ್ಕೂ, ಧಕ್ಕೆಯವರೆಗೂ, ಕಿಟಕಿಗಳು ಒಂದೊಂದಾಗಿ ಬೆಳ್ಳಗಾಗುತ್ತ ಹೋದವು.