ಮುಚ್ಚಬಾರದ ತೂತು

"ಗದ್ದ ಇಲ್ಲಿಡಿ. ನೇರ ನೋಡಿ," ಎಂದರು ಡಾಕ್ಟರು. ರಫು ಕೆಲಸದವಳು ನೇರ ನೋಡಿದಳು. ನೇರ ನೋಡುವುದೊಂದೇ ಅವಳಿಗೆ ಉಳಿದಿತ್ತು.

ಬಲಗಣ್ಣಿನ ಆಪರೇಷನ್ ಆಗಿ ಒಂಬತ್ತು ದಿನ. ಎಡಗಣ್ಣು ಆಗಲೇ ಕೈಬಿಟ್ಟಿತ್ತು. ಗ್ಲಾಕೋಮಾ, ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ, ಎಂದು ಮೂರು ವರ್ಷದ ಹಿಂದೆಯೇ ಹೇಳಿ, ದಿನಕ್ಕೆರಡು ಸಲ ಹಾಕಿಕೊಳ್ಳಲು ಹನಿ ಬರೆದುಕೊಟ್ಟಿದ್ದರು. ಅವಳದ್ದು ಬೇರೆಯೇ ಪರೀಕ್ಷೆ. ಬೆಳಿಗ್ಗೆ ಎದ್ದವಳೇ ಎಲ್ಲಕ್ಕಿಂತ ಸಣ್ಣ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವುದು. ದಾರ ಹೋಯಿತೆಂದರೆ ಕಣ್ಣು ಚೆನ್ನಾಗಿದೆ. ಚೆನ್ನಾಗಿರುವ ಕಣ್ಣಿಗೆ ಉರಿಯುವ ಹನಿ ಯಾಕೆ? ಬಾಟಲಿ ಕಪಾಟಿನಲ್ಲೇ ಉಳಿಯಿತು. ಕಾಯಿಲೆ ನೋಟವನ್ನು ಅಂಚಿನಿಂದ ತಿನ್ನುತ್ತಾ ಬರುತ್ತಿತ್ತು. ಸೂಜಿ ಇದ್ದದ್ದು ನಡುವೆ. ಚೌಕಟ್ಟಿಗೆ ಭುಜ ಬಡಿದುಕೊಂಡಾಗಲೆಲ್ಲ ನಾದಿನಿ, ಬಾಗಿಲೇ ಎದ್ದು ಬಂದು ಗುದ್ದಿತೇನೋ ಅತ್ತಿಗೆ, ಎಂದು ನಗುತ್ತಿದ್ದಳು. ಅವಳೂ ನಗುತ್ತಿದ್ದಳು.

ಆಪರೇಷನ್ನಿಗೆ ಮುಂಚೆ ಡಾಕ್ಟರು ವಿವರಿಸಿದ್ದರು. ಕಣ್ಣೊಳಗಿನ ನೀರು ಹರಿದುಹೋಗಲು ಬಿಳಿಯ ಭಾಗದಲ್ಲಿ ಸಣ್ಣದೊಂದು ತೂತು, ಅದರ ಮೇಲೆ ಮುಚ್ಚಳದಂತೆ ಒಂದು ಪದರ, ಎರಡು ಮೂರು ಹೊಲಿಗೆ. ಹೋದ ನೋಟ ಬರುವುದಿಲ್ಲ, ಇರುವುದು ಉಳಿದರೆ ಅದೇ ದೊಡ್ಡದು. ತೂತು ಮುಚ್ಚಿಕೊಳ್ಳಬಾರದು ಎಂದಾಗ ಅವಳು ಎರಡು ಸಲ ಹೇಳಿಸಿಕೊಂಡಿದ್ದಳು. ಮೂವತ್ತು ವರ್ಷ ಜನರ ಕೋಟು ಶಾಲುಗಳ ತೂತುಗಳನ್ನು, ಅಲ್ಲಿ ಏನೂ ಆಗೇ ಇರಲಿಲ್ಲವೆಂಬಂತೆ ರಫು ಮಾಡಿ ಮುಚ್ಚಿದವಳು.

"ಒತ್ತಡ ಮತ್ತೆ ಏರಿದೆ ಅಮ್ಮಾ," ಎಂದರು ಡಾಕ್ಟರು. "ಮೈ ಆ ತೂತನ್ನ ಗಾಯ ಅಂದ್ಕೊಂಡು ಮುಚ್ಚೋಕೆ ನೋಡ್ತಿದೆ."

"ಮುಚ್ಚಿಹೋದ್ರೆ?"

"ಉಳಿದಿರೋ ಚೂರೂ ಹೋಗುತ್ತೆ."

ಹಿಂದೆ ನಿಂತಿದ್ದ ನಾದಿನಿಯ ಕೈ ಅವಳ ಹೆಗಲ ಮೇಲೆ ಬಂತು. ಅಳು ಬರುತ್ತದೇನೋ ಎಂದು ಅವಳು ಕಾದಳು. ಏನೂ ಬರಲಿಲ್ಲ. ಪರೀಕ್ಷೆಗೆಂದು ಮರಗಟ್ಟಿಸುವ ಹನಿ ಹಾಕಿದ್ದು ಕಣ್ಣಿಗಷ್ಟೇ.

"ಹೊಲಿಗೆ ಬಿಗಿ ಆಗಿದೆಯಾ?" ಎಂದು ಕೇಳಿದಳು.

ಡಾಕ್ಟರು ಯಂತ್ರದಿಂದ ತಲೆಯೆತ್ತಿದರು. "ಒಂದು ಬಿಗಿ ಇದೆ. ಲೇಸರಲ್ಲಿ ಕತ್ತರಿಸಬಹುದು. ಆದ್ರೆ ತೀರಾ ಸಡಿಲ ಆದ್ರೂ ಕಷ್ಟ, ನೀರೆಲ್ಲ ಸೋರಿ ಕಣ್ಣು ಕುಸಿಯುತ್ತೆ."

"ಕತ್ತರಿಸಿ. ಎಳೆದು ಹೊಲಿದ್ರೆ ಬಟ್ಟೆನೂ ನಿಲ್ಲಲ್ಲ."

ಒಂದು ಹಸಿರು ಬೆಳಕು, ಒಂದು ಸಣ್ಣ ಚಟ್ ಸದ್ದು. ಆಮೇಲೆ ಗೋಡೆ ಬದಿಯ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿ ಮತ್ತೆ ಒತ್ತಡ ಅಳೆದರು. ಹದಿನಾಲ್ಕಕ್ಕೆ ಇಳಿದಿತ್ತು. ಈ ವಾರಕ್ಕೆ ಸಾಕು, ಎಂದರು.

ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಕೈ ಸೂಜಿಯನ್ನು ಹುಡುಕಿತು. ದಾರ ಒಂದೇ ಸಲಕ್ಕೆ ಹೋಯಿತು. ಪೋಣಿಸಿದ ಸೂಜಿಯನ್ನು ಬೆರಳ ನಡುವೆ ಹಿಡಿದು ಅವಳು ಸುಮ್ಮನೆ ನೋಡುತ್ತ ಕೂತಳು. ಮೇಜಿನ ಮೇಲೆ ಏನೋ ಜರುಗಿದ ಸದ್ದಾಯಿತು. ಸೂಜಿಯ ಆಚೆ, ಬಿಲ್ಲೆಯಷ್ಟೇ ಉಳಿದ ನೋಟದೊಳಕ್ಕೆ, ಹನಿಯ ಬಾಟಲಿ ಮೆಲ್ಲಗೆ ಬಂದು ನಿಂತಿತು. ಅದರ ಹಿಂದೆಯೇ ನಾದಿನಿಯ ಎರಡು ಬೆರಳು.