ಎರಡು ಕೈಯ ಕೌದಿ

ನನ್ನ ತಮ್ಮ ಏಕಾಂತಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿ ತೆರೆಯುವ ಮೊದಲೇ ಅವನ ಕಿವಿ ಕೆಂಪಾಗುತ್ತದೆ. ಅದಕ್ಕೇ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಅವನ ಹೆಂಡತಿ ಶಿವಬಸಮ್ಮನನ್ನು ಇಟ್ಟಿಗಿ ಊರಿನ ಹೊಲದಲ್ಲಿ ಮಣ್ಣು ಮಾಡಿ ಬಂದ ಮರುದಿನ, ಮನೆತನದ ಹಿರಿಯರೆಲ್ಲ ಪಡಸಾಲೆಯಲ್ಲಿ ಕುಳಿತು ತೀರ್ಮಾನ ಮಾಡಿದರು: ಮಗಳು ಸುಮಲತಾಳಿಗೆ ಹೆರಿಗೆ ಆಗುವವರೆಗೂ ಈ ಸುದ್ದಿ ತಿಳಿಯಬಾರದು.

ಸುಮ ಕೊಟ್ಟೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ಚೊಚ್ಚಲ ಬಸುರಿ, ಒಂಬತ್ತರಲ್ಲಿ ನಡೆದಿತ್ತು. ಸೀಮಂತದ ಕುಬುಸ ಮಾಡಿ ಮುಗಿಸಿದ್ದೆವು. ಮುಂದಿನ ಸೋಮವಾರ ಅವಳನ್ನು ತವರಿಗೆ ಕರೆತರುವುದೆಂದು ಶಿವಬಸಮ್ಮ ದಿನವನ್ನೂ ಗೊತ್ತು ಮಾಡಿದ್ದಳು. ಅಷ್ಟರಲ್ಲಿ ಹೀಗಾಯಿತು.

ನಮ್ಮಲ್ಲಿ ಸೂತಕ ಇಲ್ಲ ಎಂದು ಸ್ವಾಮಿಗಳು ಹೇಳುತ್ತಾರೆ, ನಾವೂ ಹೌದೆಂದು ತಲೆ ಅಲ್ಲಾಡಿಸುತ್ತೇವೆ. ಆದರೆ ತುಂಬಿದ ಬಸುರಿಯ ಮಾತು ಬಂದಾಗ ಯಾರಿಗೂ ಸ್ವಾಮಿಗಳ ನೆನಪಿರುವುದಿಲ್ಲ. ಬಸುರಿ ಹೆಣದ ಮುಖ ನೋಡಬಾರದು, ಸಾವಿನ ಸುದ್ದಿ ಕೇಳಬಾರದು, ಕೇಳಿದರೆ ಕೂಸು ಹೊಟ್ಟೆಯಲ್ಲೇ ಬೆದರುತ್ತದೆ. ನನಗೆ ತಡೆಯಲಾಗಲಿಲ್ಲ.

"ಹೆತ್ತಾಕಿ ಮಕ ನೋಡಬ್ಯಾಡ ಅನ್ನಾಕ ನೀವ್ಯಾರು?" ಎಂದೆ.

"ನಾಳಿ ಹೆಚ್ಚುಕಮ್ಮಿ ಆತಂದ್ರ ನೀ ಹೊಣಿ ಆಗತೀಯೇನು, ಹಾಲಮ್ಮ?" ಎಂದರು ದೊಡ್ಡಪ್ಪ.

ಅದಕ್ಕೆ ಯಾರು ಹೊಣೆ ಆದಾರು? ಮಣ್ಣಿಗೆ ಬಂದಿದ್ದ ಅಳಿಯ ಅರುಣಕುಮಾರ್ ಮೂಲೆಯಲ್ಲಿ ಕೂತಿದ್ದ. ಹೊಸಪೇಟೆಗೆ ಫ್ಯಾನಿನ ಸಾಮಾನು ತರಲು ಹೋಗುತ್ತೇನೆಂದು ಹೆಂಡತಿಗೆ ಹೇಳಿ ಬಂದಿದ್ದನಂತೆ. ವಾಪಸು ಹೋಗಿ ಅವಳ ಮುಂದೆ ಯಾವ ಮುಖ ಇಟ್ಟುಕೊಂಡು ಊಟಕ್ಕೆ ಕೂತನೋ ಆ ಶಿವನೇ ಬಲ್ಲ. ತಾಯಿಯ ಬದಲು ಬಾಣಂತನಕ್ಕೆ ಸೋದರತ್ತೆ ಹೋಗಲಿ ಎಂದರು. ಗಂಡ ಇಲ್ಲ, ಮಗ ಬೇರೆ ಊರಲ್ಲಿ ಮೇಷ್ಟ್ರು, ಎಲ್ಲಿಗೆ ಕಳಿಸಿದರೂ ಹೋಗುವವಳು ನಾನೊಬ್ಬಳೇ.

ಶಿವಬಸಮ್ಮ ಸತ್ತದ್ದು ಮಧ್ಯಾಹ್ನ, ಅಂಗಳದ ಬಿಸಿಲಿನಲ್ಲಿ ಗೋಡೆಗೆ ಒರಗಿ ಕೌದಿ ಹೊಲಿಯುತ್ತ. ಬರುವ ಮೊಮ್ಮಗುವಿಗೆಂದು ತನ್ನ ಹಳೆಯ ಸೀರೆಗಳನ್ನೆಲ್ಲ ಸೇರಿಸಿ ಪುಟ್ಟ ಕೌದಿ ಹಿಡಿದಿದ್ದಳು. ಎದೆ ಹಿಡಿದಂಗಾತು ಅಂದಳಂತೆ. ಪಕ್ಕದ ಮನೆಯವಳು ನೀರು ತರುವಷ್ಟರಲ್ಲಿ ಮುಗಿದಿತ್ತು. ನಾನು ಬಂದು ನೋಡಿದಾಗ ಸೂಜಿ ಇನ್ನೂ ಬಟ್ಟೆಯಲ್ಲೇ ಚುಚ್ಚಿಕೊಂಡಿತ್ತು, ದಾರ ಇನ್ನೂ ಒಂದು ಮೊಳ ಉಳಿದಿತ್ತು.

ಆ ಕೌದಿಯನ್ನು ನಾನೇ ಮುಗಿಸಿದೆ. ಅದೇ ಸೂಜಿ, ಅದೇ ದಾರ. ಕಣ್ಣೀರು ಬಂದಾಗ ಒರೆಸಿಕೊಂಡು ಮತ್ತೆ ಹೊಲಿದೆ. ಶಿವಬಸಮ್ಮನ ಹೊಲಿಗೆ ಇರುವೆ ಸಾಲಿನ ಹಾಗೆ, ಸಣ್ಣಗೆ, ಒತ್ತಾಗಿ. ನನ್ನದು ಹಾಗಲ್ಲ. "ನಿಂದು ಹೊಲಿಗಿ ಅಲ್ಲ ಅತ್ತಿಗಿ, ಎತ್ತು ನಡದಂಗೈತಿ" ಎಂದು ಅವಳು ನನ್ನನ್ನು ಆಡಿಕೊಳ್ಳುತ್ತಿದ್ದಳು. ತನ್ನ ಕೌದಿಗೆ ನಾನು ಸೂಜಿ ಮುಟ್ಟಿಸಿದರೆ ಕಸಿದುಕೊಳ್ಳುತ್ತಿದ್ದಳು. ಜ್ವರ ಬಂದು ಮಲಗಿದಾಗಲೂ ಒಂದು ಸಲ ಕಸಿದುಕೊಂಡಿದ್ದಳು, ಅಂಥ ಹಟಮಾರಿ. ಈಗ ಕಸಿಯಲು ಯಾರಿದ್ದರು?

ಕೌದಿ, ಒಣಕೊಬ್ಬರಿ, ಉತ್ತುತ್ತಿ, ಅಂಟು, ಅಳವಿ, ಬಜೆ ಬೇರು, ಒಂದು ಸೀಸೆ ಹರಳೆಣ್ಣೆ. ಬಾಣಂತನಕ್ಕೆಂದು ಎಲ್ಲವನ್ನೂ ಶಿವಬಸಮ್ಮನೇ ಕೂಡಿಸಿಟ್ಟಿದ್ದಳು. ಅದೇ ಚೀಲ ಹೊತ್ತು ಕೊಟ್ಟೂರಿನ ಬಸ್ಸು ಹತ್ತಿದೆ. ಸುಳ್ಳನ್ನು ಬಸ್ಸಿನಲ್ಲೇ ಕಟ್ಟಿದೆ.

ಬಾಗಿಲಲ್ಲಿ ನನ್ನನ್ನು ಕಂಡ ಸುಮ ನನ್ನ ಬೆನ್ನ ಹಿಂದೆ ನೋಡಿದಳು.

"ಅವ್ವ ಬರಲಿಲ್ಲೇನತ್ತಿ?"

"ನಿಮ್ಮವ್ವನ ಮೈಮ್ಯಾಲೆ ಅಮ್ಮ ಬಂದಾಳವ್ವ. ಮೈತುಂಬ ಗುಳ್ಳಿ. ಬೇವಿನ ಸೊಪ್ಪಿನ ಮ್ಯಾಲೆ ಮಕ್ಕಂಡಾಳ. ನೀ ಆ ಕಡಿ ಸುಳಿಯಂಗಿಲ್ಲ, ಆಕಿ ಈ ಕಡಿ ಬರಂಗಿಲ್ಲ. ಅದಕ್ಕ ಹೆರಿಗಿ ಇಲ್ಲೇ ಆಗಲಿ ಅಂತ ನನ್ನ ಕಳಿಸ್ಯಾರ."

"ಫೋನಿನ್ಯಾಗರ ಮಾತಾಡತೀನಿ."

"ಅಮ್ಮ ಬಂದಾಕಿ ಹೊಸಲು ದಾಟಿ ಮಂದಿ ಮನಿಗೆ ಫೋನಿಗೆ ಹೋಗತಾಳೇನಲೇ? ಯಾರರ ಒಳಗ ಬಿಟ್ಕಂತಾರೇನು?"

ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ನನಗೆ ನನ್ನ ಜಾಣತನದ ಮೇಲೆ ಹೆಮ್ಮೆಯೇ ಆಯಿತು, ನಾಚಿಕೆಗೇಡು. ಅಮ್ಮ ಬಂದ ಮನೆಗೆ ಹೊರಗಿನವರು ಹೋಗುವಂತಿಲ್ಲ, ತಲೆಗೆ ನೀರು ಬೀಳುವವರೆಗೆ ಅಲ್ಲಿನ ಒಂದು ವಸ್ತುವೂ ಹೊರಗೆ ಬರುವಂತಿಲ್ಲ. ಯಾವ ಬಸುರಿಯೂ ಇದಕ್ಕೆ ಎದುರಾಡುವುದಿಲ್ಲ. ಸುಮಳ ಅತ್ತೆ ಮರುಳಮ್ಮ ಒಳ್ಳೆಯ ಹೆಂಗಸು, ಎಲ್ಲ ಗೊತ್ತಿದ್ದವಳು, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಸಂಜೆ ಚೀಲ ಬಿಚ್ಚಿದೆ. ಕೌದಿ ತೆಗೆದು ಸುಮಳ ತೊಡೆಯ ಮೇಲೆ ಹಾಸಿದೆ.

"ನೋಡು, ನಿಮ್ಮವ್ವ ಹೊಲಿದಿದ್ದು. ಮಲಗೋಕೂ ಮುಂಚಿ ಮುಗಿಸ್ಯಾಳ."

ಅವಳು ಅಂಚಿನಿಂದ ಶುರು ಮಾಡಿ ಕೈ ಆಡಿಸಿದಳು. ಇದು ಅವ್ವನ ನೀಲಿ ಸೀರಿ, ಇದು ಜಾತ್ರಿ ಸೀರಿ ಎಂದು ಒಂದೊಂದೇ ತುಂಡು ಗುರುತು ಹಿಡಿದಳು. ನಡುವಿಗೆ ಬಂದಾಗ ಕೈ ನಿಂತಿತು. ಆಮೇಲೆ, "ಚೊಲೋ ಆಗೈತಿ" ಅಂದಳು. ನೀರು ಕಾಯಿಸುತ್ತೇನೆಂದು ಬಚ್ಚಲಿಗೆ ಹೋದಳು. ಹೊರಗೆ ಬಂದಾಗ ಕಣ್ಣು ಕೆಂಡದ ಹಾಗಿದ್ದವು. "ಹೊಗಿ ಅತ್ತಿ, ಹಸಿ ಕಟಿಗಿ" ಅಂದಳು. ಅವಳಾಡಿದ ಮಾತನ್ನು ನಾನು ನಂಬಿದೆ, ನನ್ನದನ್ನು ಅವಳು ನಂಬಿದ್ದಾಳೆಂದೂ ನಂಬಿದೆ.

ಅಂದಿನಿಂದ ಅವಳು ಅವ್ವನ ಸುದ್ದಿ ಎತ್ತಲಿಲ್ಲ. ಗುಳ್ಳೆ ಒಣಗಿದವೇ, ತಲೆಗೆ ನೀರು ಯಾವಾಗ ಹಾಕುತ್ತಾರೆ, ಒಂದೂ ಕೇಳಲಿಲ್ಲ. ನಾನು ಉತ್ತರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ, ಹಾಗೇ ಉಳಿದವು. ಸುಳ್ಳು ಗಟ್ಟಿಯಾಗಿ ಕೂತಿತು ಎಂದು ಮರುಳಮ್ಮನ ಕಿವಿಯಲ್ಲಿ ಪಿಸುಗುಟ್ಟಿದೆ.

ಬದಲಿಗೆ ಬೇರೆ ಪ್ರಶ್ನೆ ಕೇಳತೊಡಗಿದಳು. ಚೊಚ್ಚಲ ಬಸುರಿಯರು ಸಾಮಾನ್ಯವಾಗಿ ಎಲ್ಲವನ್ನೂ ತಾಯಿಯ ಮೇಲೆ ಹಾಕಿ ಆರಾಮಾಗಿ ಇರುತ್ತಾರೆ. ಇವಳು ಪರೀಕ್ಷೆಗೆ ಕೂರುವವಳ ಹಾಗೆ ಕಲಿತಳು. ಬಜೆ ಎಷ್ಟು ತೇಯಬೇಕು, ಹೊರಸಿನ ಕೆಳಗೆ ಕೆಂಡ ಎಷ್ಟು ಇಡಬೇಕು, ಕೂಸು ಹಾಲು ಕಕ್ಕಿದರೆ ಏನು ಮಾಡಬೇಕು, ಎರೆಯುವಾಗ ಕಿವಿಗೆ ನೀರು ಹೋಗದ ಹಾಗೆ ತಲೆ ಹೇಗೆ ಹಿಡಿಯಬೇಕು. ಎರೆಯುವುದು ಬಾಯಿಮಾತಿನಲ್ಲಿ ತಿಳಿಯದು ಎಂದು ನಾನು ಸಂತೆಯಿಂದ ತಂದ ಸೋರೆಕಾಯಿಯನ್ನೇ ಕೊಟ್ಟೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಆ ದೊಡ್ಡ ಹೊಟ್ಟೆ ಅಡ್ಡ ಬರುತ್ತಿದ್ದರೂ, ಸೋರೆಕಾಯಿಗೆ ಎಣ್ಣೆ ಹಚ್ಚಿ, ತೀಡಿ, ಅಂಗೈ ಅಡ್ಡ ಹಿಡಿದು ನೀರು ಹಾಕಿದಳು. ಮರುಳಮ್ಮ ನಕ್ಕೂ ನಕ್ಕೂ ಸಾಕಾದಳು. ರಾತ್ರಿ ಅದನ್ನೇ ಪಲ್ಯ ಮಾಡಿದಾಗ ಅರುಣಕುಮಾರ್, "ಎಣ್ಣಿ ನೀರು ಆದ ಕೂಸು ಭಾಳ ಮೆತ್ತಗೈತಿ" ಎಂದ. ಸುಮಳೂ ನಕ್ಕಳು. ನಕ್ಕವಳು ತಟ್ಟೆ ಬಿಟ್ಟು ಎದ್ದು ಹೋದಳು.

ಒಂದು ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಕೇಳಿದಳು.

"ನಿನಗ ಹೆರಿಗಿ ಆದಾಗ ನಿಮ್ಮವ್ವ ಇದ್ಳೇನತ್ತಿ?"

"ಇರಲಿಲ್ಲ. ನಾ ಸಣ್ಣಾಕಿ ಇದ್ದಾಗ ಹೋದ್ಳು."

"ಮತ್ತ ಹೆಂಗ ಮಾಡಿದಿ?"

"ಹೆಂಗ ಮಾಡೋದು? ಬ್ಯಾನಿ ಬಂತು, ಹಡದೆ. ಬ್ಯಾನಿ ಏನು ಕೇಳಿ ಬರತೈತೇನು? ಗಂಟಲಾಗ ಒದರಬ್ಯಾಡ, ಉಸುರು ಹಿಡದು ಕೆಳಗ ತಿಣಕು. ಅಷ್ಟ. ಯವ್ವಾ ಅನ್ನೋದು ಮಾತ್ರ ಯಾರಿಗೂ ಬಿಡಾಕಾಗಂಗಿಲ್ಲ. ಸತ್ತು ಎಷ್ಟೋ ವರ್ಷ ಆಗಿದ್ರೂ ನಾನೂ ಯವ್ವಾ ಯವ್ವಾ ಅಂತನ ಹಡದೆ."

"ಎಲ್ಲಾರೂ ಅಂತಾರೇನು?"

"ಎಲ್ಲಾರೂ. ಅದು ತಾನ ಬಾಯಿಗೆ ಬರತೈತಿ."

ಅವಳು ಎಣ್ಣೆಯ ಕಾಲನ್ನು ಮೆಲ್ಲಗೆ ಎಳೆದುಕೊಂಡಳು.

ನೋವು ಬೆಳಗಿನ ಚಹಾದ ಹೊತ್ತಿಗೆ ಶುರುವಾಯಿತು. ಅರುಣಕುಮಾರ್ ಆಟೋ ತಂದ. ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇನ್ನೊಬ್ಬ ಹುಡುಗಿ ಇದ್ದಳು, ಉಜ್ಜಿನಿ ಕಡೆಯವಳು. ಅವಳ ತಾಯಿ ಬಾಗಿಲಲ್ಲೇ ನಿಂತಿದ್ದರೂ ಅವಳು ಮಾಡು ಹಾರುವ ಹಾಗೆ "ಯವ್ವಾ, ಯವ್ವಾ" ಎಂದು ಕೂಗುತ್ತಿದ್ದಳು. ನಾನು ಗೋಡೆಯ ಪಕ್ಕ ನಿಂತಿದ್ದೆ. ಈಗ ಸುಮಳ ಬಾಯಿಂದ ಆ ಮಾತು ಬರುತ್ತದೆ, ಬಂದರೆ ನಾನು ಇಲ್ಲೇ ಕುಸಿಯುತ್ತೇನೆ, ಎಲ್ಲ ಬಯಲಾಗುತ್ತದೆ. ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿಕೊಳ್ಳಲೂ ಆಗಲಿಲ್ಲ.

ಬರಲಿಲ್ಲ. ಶಿವಶಿವಾ ಎಂದಳು, ಕೊಟ್ರೇಶಾ ಎಂದಳು, ಅತ್ತೀ ಎಂದು ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಒಂದು ಸಲ "ಯ" ಎಂದು ಬಾಯಿ ತೆರೆದವಳು ನನ್ನ ಮುಖ ನೋಡಿ, ಸೆರಗು ತುರುಕಿಕೊಂಡು ಕಚ್ಚಿದಳು.

"ಒದರವ್ವ, ಒದರಿದ್ರ ಹಗುರಾಗತೈತಿ" ಎಂದಳು ನರ್ಸಮ್ಮ.

ಅವಳು ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ನನಗೆ ಮೊದಲ ಸಲ ಅನುಮಾನ ಬಂದದ್ದು ಆಗ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಹೆಣ್ಣು ಕೂಸು ಹುಟ್ಟಿತು. ಗದ್ದ ಥೇಟ್ ಶಿವಬಸಮ್ಮನದು. ಇಬ್ಬರೂ ನೋಡಿದೆವು, ಇಬ್ಬರೂ ಬಾಯಿ ಬಿಡಲಿಲ್ಲ. ಕೌದಿಯಲ್ಲಿ ಸುತ್ತಿ ಅವಳ ಪಕ್ಕ ಮಲಗಿಸಿದೆ.

ಮರುದಿನ ಏಕಾಂತಪ್ಪ ಆಸ್ಪತ್ರೆಗೆ ಬಂದ. ತೊಟ್ಟಿಲಿಗೆ ಹಾಕುವವರೆಗೂ ಹೇಳಬೇಡ, ಹಾಲು ಬತ್ತೀತು ಎಂದು ದೊಡ್ಡಪ್ಪ ಮತ್ತೆ ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ಇಸ್ತ್ರಿ ಇಲ್ಲದ ಅಂಗಿ, ಮೇಲಿನ ಗುಂಡಿ ಕಿತ್ತುಹೋಗಿತ್ತು. ಕೂಸನ್ನು ನೋಡಿ ಬಾಯಿ ಅಗಲಿಸಿ ನಗಲು ಹೋದ, ಆಗಲಿಲ್ಲ. ಕಿವಿ ಆಗಲೇ ಕೆಂಪಾಗಿದ್ದವು.

"ನಿಮ್ಮವ್ವಗ... ನಿಮ್ಮವ್ವಗ ಇನ್ನಾ ಸ್ವಲ್ಪ..."

ಸುಮ ಅವನ ಅಂಗಿಯನ್ನೇ ನೋಡುತ್ತಿದ್ದಳು.

"ಅಪ್ಪಾ, ಈಗ ನಿನಗ ರೊಟ್ಟಿ ಯಾರು ಬಡದು ಹಾಕತಾರ?"

ಏಕಾಂತಪ್ಪ ನಿಂತಲ್ಲೇ ಕುಸಿದು ನೆಲಕ್ಕೆ ಕೂತ. ಟವೆಲು ಮುಖಕ್ಕೆ ಒತ್ತಿಕೊಂಡ. ಅಷ್ಟು ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ, ಮಣ್ಣಿನ ದಿನವೂ ಅವನು ಅತ್ತಿರಲಿಲ್ಲ.

"ಯಾವಾಗ ಗೊತ್ತಾತಲೇ?" ಎಂದೆ.

"ನೀ ಬಂದ ದಿನಾನ. ಅಮ್ಮ ಬಂದ ಮನಿಯಿಂದ ಬಸುರಿಗೆ ಯಾರರ ಅರಿವಿ ತರತಾರೇನತ್ತಿ? ಅದೂ ಕೂಸಿಗೆ ಹೊದಿಸೋ ಕೌದಿ? ಸುಳ್ಳು ಹೇಳತೀ ಅಂತ ಆಗಲೇ ಅನಿಸ್ತು. ಕೈಯಾಡಿಸಿದೆ. ಅರ್ಧ ಅವ್ವಂದು, ಅರ್ಧ ನಿಂದು. ಉಸುರಿದ್ದಿದ್ರ ಅವ್ವ ತನ್ನ ಕೌದಿಗೆ ನಿನ್ನ ಸೂಜಿ ಹಚ್ಚಗೊಡತಿದ್ಳೇನು?"

ಇಷ್ಟು ದಿನ ನಾವು ಅವಳನ್ನು ಕಾಯುತ್ತಿದ್ದೇವೆ ಅಂದುಕೊಂಡಿದ್ದೆವು.

"ಮತ್ತ ಯಾಕ ಸುಮ್ಮನಿದ್ದಿ?"

"ನೀವೆಲ್ಲಾ ಕೂಸಿಗೆ ಹೆದರಿದ್ರಿ. ನಾನೂ ಹೆದರಿದ್ದೆ. ಅತ್ರ ನಿಲ್ಲಸಾಕ ಆಗತಿರಲಿಲ್ಲ. ನಿನ್ನೆ ಒಂದು ಸಲ ಯವ್ವಾ ಅಂದಿದ್ರೂ ಮುಗೀತಿತ್ತು, ನಾ ತಿಣಕತಿರಲಿಲ್ಲ, ಆಕಿ ಹಿಂದನ ಹೋಗತಿದ್ದೆ."

ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಅವಳು ಬಿಡಿಸಿಕೊಂಡಳು. ಕೇಳುವುದು ಇನ್ನೂ ಇತ್ತು.

"ಯಾವ ಸೀರಿ ಉಡಿಸಿದ್ರಿ?"

"ಹಸರು ಇಳಕಲ್ಲು. ನಿನ್ನ ಕುಬುಸದಾಗ ಉಟ್ಟಿದ್ಳಲ್ಲ, ಅದು."

"ಹೂವು?"

"ತಲಿತುಂಬ ಮುಡಿಸಿದ್ವಿ. ಕೈತುಂಬ ಹಸರು ಬಳಿ."

"ಮಕ ಹೆಂಗಿತ್ತು?"

"ಹೊಲಕೊಂತ ಹೊಲಕೊಂತ ಕಣ್ಣು ಹತ್ತೈತೇನೋ ಅನ್ನಂಗಿತ್ತು. ನೋವಿನ ಗುರುತಿರಲಿಲ್ಲವ್ವ, ನಿನ್ನಾಣಿ."

ಇದೊಂದನ್ನು ನಿಜ ಹೇಳಲು ಸಿಕ್ಕಿದ್ದಕ್ಕೆ ನನಗೆ ಅಳು ಬಂತು. ಸುಮ ತಲೆಯಾಡಿಸಿದಳು. ಮಲಗಿದ್ದ ಕೂಸನ್ನು ಮೆಲ್ಲಗೆ ಎತ್ತಿ ನನ್ನ ಕೈಗೆ ಕೊಟ್ಟಳು, ಕತ್ತಿಗೆ ಅಂಗೈ ಕೊಟ್ಟು, ಕಲಿಸಿದ ಹಾಗೇ. ಆಮೇಲೆ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳಿನಿಂದ ಹುಡುಕಿದಳು. ಸಣ್ಣ ಹೊಲಿಗೆ ನಿಂತು ನನ್ನ ಉದ್ದ ಹೊಲಿಗೆ ಶುರುವಾಗುವ ಜಾಗ ಸಿಕ್ಕಿತು. ಅಲ್ಲಿ ಮುಖ ಇಟ್ಟಳು.

"ಯವ್ವಾ" ಎಂದಳು. ಮೊದಲು ಮೆಲ್ಲಗೆ. ಆಮೇಲೆ ಕೋಣೆಯ ಕಿಟಕಿ ಅದುರುವಂತೆ, "ಯವ್ವಾ, ಯವ್ವಾ, ಯವ್ವಾ."

ನನ್ನ ಕೈಯಲ್ಲಿದ್ದ ಕೂಸು ಬೆಚ್ಚಿ ಎದ್ದು ಅಳತೊಡಗಿತು. ನರ್ಸಮ್ಮ ಓಡಿ ಬಂದಳು, ಎಲ್ಲಿ ನೋವು, ಏನಾತು ಎಂದು ಗಾಬರಿಯಿಂದ ಕೇಳಿದಳು. ನಾನು ಅವಳನ್ನು ಬಾಗಿಲಲ್ಲೇ ತಡೆದೆ.

"ಏನಿಲ್ಲವ್ವ. ಒದರಲಿ ಬಿಡು" ಎಂದೆ.