ಒಂದೇ ಫೈಲಿನ ವೆಬ್‌ಸೈಟ್

ಅಕ್ಕನಿಗೆ ನನ್ನ ಕೆಲಸವೆಂದರೆ ಮೊದಲಿನಿಂದಲೂ ತಾತ್ಸಾರ. ಅವಳು ಸೈಕಲ್ ರಿಪೇರಿ ಮಾಡುವವಳು. ಕೆಟ್ಟ ಸೈಕಲ್ ಬರುತ್ತದೆ, ಓಡುವ ಸೈಕಲ್ ಹೋಗುತ್ತದೆ. ನಾನು ದಿನವಿಡೀ ಕುರ್ಚಿ ಬಿಸಿ ಮಾಡಿ ಏನು ಮಾಡುತ್ತೇನೆಂದು ಅವಳಿಗೆ ತೋರಿಸಲು ಈವರೆಗೆ ಆಗಿರಲಿಲ್ಲ. ಹಾಗಾಗಿ ಹೊಸ ಅಂಗಡಿಗೊಂದು ವೆಬ್‌ಸೈಟ್ ಬೇಕೆಂದು ಅವಳೇ ಕೇಳಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಫೀಸಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಪಕ್ಕದ ಕುರ್ಚಿಯವನಿಗೆ ಪಂಡಿತನೆಂದೇ ಹೆಸರು. ಯಾವ ಹೊಸ ಟೂಲ್ ಬಂದರೂ ಮೊದಲ ಭಕ್ತ ಅವನೇ. ತಾನೂ ಒಂದು ಮಾಡಿ ತೋರಿಸುತ್ತೇನೆಂದು ತೋಳೇರಿಸಿದ. ಡೇಟಾಬೇಸ್, ಲಾಗಿನ್, ಮಾತಾಡುವ ರೋಬೋಟ್, ಏನುಂಟು ಏನಿಲ್ಲ! ನಾನು ಬರೆದದ್ದು ಒಂದೇ ಫೈಲು: ಹೆಸರು, ವಿಳಾಸ, ಸಮಯ, ಫೋನ್ ನಂಬರು. ಸ್ಟ್ಯಾಟಿಕ್ ಪುಟ. ಬಂದವರಿಗೆಲ್ಲ ಬರೆದಿಟ್ಟದ್ದೇ ಸಿಗುತ್ತದೆ, ಹಿಂದೆ ಯಾರೂ ಹೆಣಗಬೇಕಿಲ್ಲ. ಇಡೀ ಟೀಮು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಲಭವಾಗಿ ಮುಗಿಯುವ ಕೆಲಸವೆಂದರೆ ನಮ್ಮ ಕೋಡಿಂಗ್ ಕುಲಕ್ಕೇ ಅವಮಾನ.

ಅಂಗಡಿಯ ಮುಂದೆ ಬೋರ್ಡ್ ಬರೆಯುವವನು ಏಣಿ ಹತ್ತಿ, ಬ್ರಷ್ ಅದ್ದಿಕೊಂಡು ಕಾಯುತ್ತಿದ್ದ. ಅಕ್ಕ ಒಪ್ಪಿದ ವೆಬ್‌ಸೈಟಿನ ವಿಳಾಸ ಬೋರ್ಡಿಗೆ ಏರಬೇಕು. ನನ್ನ ಜೊತೆ ಅಂಗಡಿಗೆ ಬಂದಿದ್ದ ಪಂಡಿತ ಮೊದಲು ತನ್ನದನ್ನು ತೆರೆದ. ಪರದೆಯ ಮೇಲೆ ಚಕ್ರ ತಿರುಗಿತು. ಅಲ್ಲಿ ಸಿಗ್ನಲ್ ಅಷ್ಟಕ್ಕಷ್ಟೇ. ಚಕ್ರ ತಿರುಗುತ್ತಲೇ ಇತ್ತು. ಸ್ಟ್ಯಾಂಡ್ ಹಾಕಿದ ಸೈಕಲ್ ತುಳಿದ ಹಾಗಾಯಿತಲ್ಲ ಎಂದು ಗೊಣಗಿ ಅಕ್ಕ ನನ್ನ ಫೋನು ಕಿತ್ತುಕೊಂಡಳು.

ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಪುಟ ಬಂತು. ಅಷ್ಟು ಬೇಗ ಬಂದದ್ದೇ ಎಡವಟ್ಟಾಯಿತು.

“ಇದು ಫೋಟೋ ಕಣೇ,” ಎಂದಳು ಅಕ್ಕ. “ಮುಂಚೇನೇ ತೆಗೆದಿಟ್ಕೊಂಡು ಬಂದಿದೀಯ.”

ಪಂಡಿತ ಹಲ್ಲು ಕಿರಿದ. ಬೋರ್ಡು ಹಾಳಾಗಲಿ, ಇವತ್ತೂ ಇವಳು ನನ್ನನ್ನು ನಂಬದಿದ್ದರೆ ಅತ್ತೇಬಿಡುತ್ತಿದ್ದೆ. ಹಾಗಾದರೆ ಪುಟದಲ್ಲಿರುವ ಆ ನಂಬರು ಒತ್ತಿ ನೋಡು ಎಂದೆ. ಗ್ರೀಸ್ ಮೆತ್ತಿದ ಬೆರಳಲ್ಲಿ ಒತ್ತಿದಳು. ಅವಳದೇ ಜೇಬಿನಲ್ಲಿ ಫೋನು ರಿಂಗಾಯಿತು. ಅಕ್ಕ ಗಡಿಬಿಡಿಯಲ್ಲಿ ನನ್ನದನ್ನು ನನ್ನ ಕೈಗೆ ತುರುಕಿ, ಯಾರೆಂದೂ ನೋಡದೆ ತನ್ನದನ್ನು ಕಿವಿಗಿಟ್ಟು, ಗಂಟಲು ಸರಿಮಾಡಿಕೊಂಡಳು.

“ನಮಸ್ಕಾರ, ಸೈಕಲ್ ಅಂಗಡಿ. ಏನು ರಿಪೇರಿ ಇತ್ತು?”

ಅವಳ ಮುಂದೆಯೇ ನಿಂತು, ಉಕ್ಕುವ ನಗುವನ್ನು ತಡೆದುಕೊಂಡು, ನಾನೂ ಫೋನಿನಲ್ಲೇ ಹೇಳಿದೆ.

“ಏನೂ ಇಲ್ಲಕ್ಕ. ಎಲ್ಲಾ ಓಡ್ತಿದೆ.”

ಅಕ್ಕ ಫೋನು ನೋಡಿದಳು, ನನ್ನನ್ನು ನೋಡಿದಳು, ಬಿದ್ದು ಬಿದ್ದು ನಕ್ಕಳು. ಆಮೇಲೆ ಕಿವಿಯಿಂದ ಫೋನು ತೆಗೆಯದೆಯೇ ಏಣಿಯ ಕಡೆ ಕತ್ತೆತ್ತಿದಳು.

“ಬರಿಯಪ್ಪ, ನನ್ನ ತಂಗಿ ಮಾಡಿರೋದನ್ನೇ ಬರಿ.”